ಒಬ್ಬನೇ ಕಳ್ಳ, ಆರು ಭಾಷೆ

‘ಪ್ಯಾನ್ ಇಂಡಿಯಾ’ ಚಿತ್ರಗಳ ಅಬ್ಬರ, ಅದರ ಬೆನ್ನಿಗೇ ಬರುವ ಪ್ರಶಸ್ತಿ ಸಮಾರಂಭಗಳ ಥಳಕು ನೋಡಿ ರೋಸಿಹೋದವರು ಒಮ್ಮೆ ಕೊಯಮತ್ತೂರಿನ ಪಕ್ಷಿರಾಜಾ ಸ್ಟುಡಿಯೊವನ್ನು ನೆನೆಯಬೇಕು. ಒಂದೇ ಸರಕಿಗೆ ಬೇರೆ ಬೇರೆ ಭಾಷೆಯ ಚೀಟಿ ಅಂಟಿಸಿ ಮಾರುವ ವಿದ್ಯೆ ಅಲ್ಲಿ ಎಪ್ಪತ್ತು ವರ್ಷಗಳ ಹಿಂದೆಯೇ ಪಳಗಿತ್ತು.

ಸ್ಟುಡಿಯೊದ ಒಡೆಯ ಎಸ್.ಎಂ. ಶ್ರೀರಾಮುಲು ನಾಯ್ಡು 1954ರಲ್ಲಿ ‘ಮಲೈಕ್ಕಳ್ಳನ್’ ತೆಗೆದರು. ಅದೇ ವರ್ಷ ತೆಲುಗಿಗೆ ‘ಅಗ್ಗಿ ರಾಮುಡು’, ಮರುವರ್ಷ ಹಿಂದಿಗೆ ‘ಆಜಾದ್’, 1957ರಲ್ಲಿ ಮಲಯಾಳಕ್ಕೆ ‘ತಸ್ಕರವೀರನ್’, ನಮಗೆ ‘ಬೆಟ್ಟದ ಕಳ್ಳ’. ಸಿಂಹಳದವರನ್ನೂ ಬಿಡಲಿಲ್ಲ. ವೇಷ ಮರೆಸಿಕೊಂಡು ಊರೊಳಗೇ ಸಾಹುಕಾರನಾಗಿ ಓಡಾಡುವ ಒಳ್ಳೆಯ ಕಳ್ಳನೊಬ್ಬನ ಕಥೆ, ಅಷ್ಟೆ.

ತಮಿಳಿನ ಕಳ್ಳನಿಗೆ ಮಾತ್ರ ಹಲ್ಲಿತ್ತು. ಮೂಲ, ನಾಮಕ್ಕಲ್ ರಾಮಲಿಂಗಂ ಪಿಳ್ಳೆಯವರ ಕಾದಂಬರಿ; ಮಾತು, ಕರುಣಾನಿಧಿಯವರದು. ಕಳ್ಳನಾದ ಎಂಜಿಆರ್ ಆಗಷ್ಟೇ ಡಿಎಂಕೆ ಸೇರಿದ್ದರು. ಜನರನ್ನು ವಂಚಿಸುವವರನ್ನು ಕೆಣಕುವ ಹಾಡು ಟಿ.ಎಂ. ಸೌಂದರರಾಜನ್ ಕಂಠದಲ್ಲಿ ಬಂದಾಗ ಅದು ಆ ನಾಡಿನ, ಆ ಹೊತ್ತಿನ ಸಿಟ್ಟಾಗಿಯೇ ಕೇಳುತ್ತದೆ. ಹಿಂದಿಗೆ ಹೋಗುವಾಗ ಆ ಖಾರ ದಾರಿಯಲ್ಲೇ ಉದುರಿತು. ಒಂದು ತಿಂಗಳೊಳಗೆ ಹಾಡುಗಳೆಲ್ಲ ಬೇಕೆಂದಾಗ ನೌಷಾದ್ ಒಲ್ಲೆ ಎಂದರಂತೆ, ಸಿ. ರಾಮಚಂದ್ರ ಮುಗಿಸಿಕೊಟ್ಟರು. ಹಾಡುಗಳೇನೋ ಸೊಗಸಾಗಿವೆ. ದುರಂತ ಪಾತ್ರಗಳಿಂದ ಬಳಲಿ ವೈದ್ಯರ ಸಲಹೆಯ ಮೇಲೆ ಹಗುರ ಪಾತ್ರ ಹುಡುಕುತ್ತಿದ್ದ ದಿಲೀಪ್ ಕುಮಾರ್ ಇಲ್ಲಿ ಮನಸಾರೆ ತುಂಟಾಟ ಆಡಿದ್ದಾರೆ. ಚಿತ್ರ ಇಂದಿಗೂ ನೋಡಿಸಿಕೊಳ್ಳುವುದು ಅದೊಂದರಿಂದಲೇ.

ಅದಕ್ಕೆ ಫಿಲ್ಮ್‌ಫೇರ್ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಮರುವರ್ಷ ‘ದೇವದಾಸ್’ಗೂ ಅವರಿಗೇ. ತುಂಟಾಟಕ್ಕೂ ಆ ಸಂಕಟಕ್ಕೂ ಒಂದೇ ಪ್ರತಿಮೆ! ಗೆದ್ದ ಕುದುರೆಗೆ ಹಾರ ಹಾಕುವುದೇ ಪ್ರಶಸ್ತಿಯ ಕೆಲಸ ಎನ್ನುವುದಾದರೆ ತೀರ್ಪುಗಾರರಾದರೂ ಯಾಕೆ ಬೇಕು? ಗಲ್ಲಾಪೆಟ್ಟಿಗೆಯ ಗುಮಾಸ್ತನೇ ಸಾಕು.

ಕಥೆ ಹಳತಾಗಿರುವುದು ನನ್ನ ತಕರಾರಲ್ಲ. ‘ಮಲೈಕ್ಕಳ್ಳನ್’ ತಮಿಳಿನ ರಾಷ್ಟ್ರಪತಿ ಬೆಳ್ಳಿ ಪದಕ ಪಡೆದಾಗಲೇ ಕನ್ನಡದ ‘ಬೇಡರ ಕಣ್ಣಪ್ಪ’ನಿಗೂ ಅರ್ಹತಾ ಪತ್ರ ಸಿಕ್ಕಿತು. ಅದೂ ಕಂಪನಿ ನಾಟಕದ ಸವೆದ ವಸ್ತುವೇ. ಆದರೆ ಗುಬ್ಬಿ ಕಂಪನಿಯ ರಂಗದ ಮೇಲೆ ಪಳಗಿದ ರಾಜ್‌ಕುಮಾರ್ ಅದಕ್ಕೆ ಮೈ ಕೊಟ್ಟರು. ಕನ್ನಡಕ್ಕೆ ಒಬ್ಬ ನಟ ಸಿಕ್ಕ. ಮೂರು ವರ್ಷ ತಡವಾಗಿ ಬಂದ ‘ಬೆಟ್ಟದ ಕಳ್ಳ’ ನಮ್ಮಲ್ಲಿ ಹಾಗೆ ಯಾರನ್ನು ಬೆಳೆಸಿತು, ಏನನ್ನು ಬಿಟ್ಟುಹೋಯಿತು?

ಈ ಪ್ರಶ್ನೆ ಈಗಲೂ ಏಳುವುದಿಲ್ಲ. ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಸಿನಿಮಾ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು, ಹೈಕೋರ್ಟ್ ತಡೆ ಕೊಟ್ಟಿತು. ಗದ್ದಲವೆಲ್ಲ ದರದ ಬಗ್ಗೆಯೇ. ಆ ದುಡ್ಡಿಗೆ ಪರದೆಯ ಮೇಲೆ ಬರುವುದು ಎಲ್ಲಿಂದ ತಂದ ಕಥೆ, ಇಲ್ಲಿಗೆ ಯಾಕೆ ಬಂತು ಎಂದು ಒಬ್ಬರೂ ಕೇಳಲಿಲ್ಲ.