ಇಂದಿನ ಯುದ್ಧಕ್ಕೆ ನಿನ್ನೆಯ ಬಣ್ಣ

2010ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಛಾಯಾಗ್ರಾಹಕ ಡೇಮನ್ ವಿಂಟರ್ ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೈನಿಕರ ಜೊತೆಗಿದ್ದು, ಅವರ ದಿನನಿತ್ಯದ ಬದುಕನ್ನು ಐಫೋನಿನಲ್ಲಿ ತೆಗೆದರು. ಬಳಸಿದ್ದು ಹಿಪ್‌ಸ್ಟಮ್ಯಾಟಿಕ್ ಅನ್ನೋ ಆ್ಯಪ್. ಹಳೇ ಪ್ಲಾಸ್ಟಿಕ್ ಕ್ಯಾಮೆರಾದ ಹಾಗೆ ಚೌಕ ಚಿತ್ರ, ಅಂಚಲ್ಲಿ ಕತ್ತಲು, ತುಸು ಕೆಟ್ಟ ಬಣ್ಣ. 'ಎ ಗ್ರಂಟ್ಸ್ ಲೈಫ್' ಎಂಬ ಆ ಸರಣಿಗೆ ಮರುವರ್ಷ ಪಿಕ್ಚರ್ಸ್ ಆಫ್ ದಿ ಇಯರ್ ಇಂಟರ್‌ನ್ಯಾಷನಲ್ ಸ್ಪರ್ಧೆಯಲ್ಲಿ ಮೂರನೇ ಸ್ಥಾನ ಬಂತು. ಜಗಳ ಜೋರಾಯ್ತು: ಇದು ಪತ್ರಿಕಾ ಛಾಯಾಗ್ರಹಣವೇ?

ವಿಂಟರ್ ವಾದ ಹೀಗಿತ್ತು. ಸೈನಿಕರೇ ಒಬ್ಬರನ್ನೊಬ್ಬರು ಫೋನಲ್ಲಿ ತೆಗೀತಾ ಇರ್ತಾರೆ, ಹಾಗಾಗಿ ಫೋನ್ ಕಂಡರೆ ಸೆಟೆದು ನಿಲ್ಲಲ್ಲ. ತುಕ್ಕು ಹಿಡಿದ ಮಂಚದ ಮೇಲೆ ಒತ್ತೊತ್ತಾಗಿ ಮಲಗಿರೋ ಸೈನಿಕರ ಚಿತ್ರ ದೊಡ್ಡ ಕ್ಯಾಮೆರಾಕ್ಕೆ ಸಿಗ್ತಿರಲಿಲ್ಲ. ಒಪ್ಪೋಣ, ಆ ಚಿತ್ರ ನಿಜಕ್ಕೂ ಚೆನ್ನಾಗಿದೆ. ಆದರೆ ನೋಡಿ, ಇದು ಫೋನಿನ ಪರ ವಾದ, ಫಿಲ್ಟರಿನ ಪರ ಅಲ್ಲ. ಫೋನಿನ ಮಾಮೂಲಿ ಕ್ಯಾಮೆರಾ ಇದ್ದಿದ್ದರೂ ಸೈನಿಕರು ಹಾಗೇ ನಿದ್ದೆ ಮಾಡ್ತಿದ್ದರು.

ಕಪ್ಪು-ಬಿಳುಪೂ ಒಂದು ಬದಲಾವಣೆಯೇ ಅಲ್ವಾ ಅಂತ ಕೇಳ್ತಾರೆ. ಹೌದು. ಆದರೆ ಡಾರ್ಕ್‌ರೂಮಿನಲ್ಲಿ ಪ್ರಿಂಟ್ ಮಾಡೋನು ಈ ಚಿತ್ರಕ್ಕೆ ಎಷ್ಟು ಕಪ್ಪು ಬೇಕು ಅಂತ ಯೋಚಿಸ್ತಾನೆ. ಆ್ಯಪಿನಲ್ಲಿ ಆ ನಿರ್ಧಾರ ಕೋಡ್ ಬರೆದವನದ್ದು. ಬಣ್ಣಗಳ ಒಂದು ಕೋಷ್ಟಕ, ಅಂಚಿಗೆ ನೆರಳು, ಮೇಲೊಂದು ಚೌಕಟ್ಟು, ಇಷ್ಟೇ. ಎದುರಿಗಿರೋದು ಬಂದೂಕೋ ಮಸಾಲೆದೋಸೆಯೋ ಅದಕ್ಕೆ ಗೊತ್ತಿಲ್ಲ.

ನನ್ನ ತಕರಾರು ಇನ್ನೊಂದಿದೆ, ಅದು ಕಾಲದ್ದು. ನಮ್ಮೂರ ಮನೆ ಗೋಡೆಯಲ್ಲಿ ಅಜ್ಜನ ಫೋಟೋ ಹಳದಿಯಾಗಿದ್ದು ಒಲೆ ಹೊಗೆಗೆ, ಮಳೆಗಾಲದ ತೇವಕ್ಕೆ. ಅಷ್ಟು ವರ್ಷ ಗೋಡೆ ಮೇಲಿದ್ದು ಬಂದ ಬಣ್ಣ ಅದು. ಈ ಆ್ಯಪಲ್ಲಿ ಒಂದು ಫಿಲ್ಮಿನ ಹೆಸರೇ 'ಇನಾಸ್ 1969'! ಬೆಳಗ್ಗೆ ತೆಗೆದ ಚಿತ್ರಕ್ಕೆ ಮಾಸಿದ ಬಣ್ಣ ಹತ್ತಿದ ಕೂಡಲೇ ನೋಡುವವರ ಮನಸ್ಸು ಅದನ್ನು ಹಳೇ ಆಲ್ಬಮ್ಮಿಗೆ ಸೇರಿಸಿಬಿಡುತ್ತೆ. ಪಾಪ, ಯಾವಾಗಲೋ ಆಗಿಹೋದದ್ದು ಅನ್ನಿಸುತ್ತೆ. ಆದರೆ ಆ ಯುದ್ಧ ಆಗಿಹೋಗಿರಲಿಲ್ಲ. ಅಮೆರಿಕದ ಸೇನೆ ಅಲ್ಲಿಂದ ಹೊರಬಿದ್ದದ್ದು 2021ರಲ್ಲಿ.

ಆ್ಯಪಿನವರಿಗೂ ಇದರ ಸುಳಿವು ಸಿಕ್ಕಿರಬೇಕು. 2012ರಲ್ಲಿ, ಯುದ್ಧಭೂಮಿಯಲ್ಲಿ ಇದೇ ಆ್ಯಪ್ ಬಳಸಿದ್ದ ಬೆನ್ ಲೋವಿ ಹೆಸರಲ್ಲಿ, ಪತ್ರಿಕಾ ಛಾಯಾಗ್ರಾಹಕರಿಗಾಗಿ ಹೊಸ ಲೆನ್ಸ್ ಒಂದನ್ನು ಬಿಟ್ಟರು. ಅದರ ವಿಶೇಷ ಏನಪ್ಪಾ ಅಂದ್ರೆ, ಅಲಂಕಾರ ಕಮ್ಮಿ.