ಅಗ್ನಿವಿಘ್ನದ ಔಚಿತ್ಯ

ವೀರಭದ್ರನ ಜಾತ್ರೆಯಲ್ಲಿ ಅಗ್ನಿ ಹಾಯುವುದನ್ನೂ ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದನ್ನೂ ಬಲ್ಲ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯವರಿಗೆ ಬೆಂಕಿಯನ್ನೆದುರಿಸುವ ಸಾಹಸವು ಹೊಸತಲ್ಲ. ಆದರೆ ಬಾಲಕರು ವಿಡಿಯೋ ಗೇಮಿನಲ್ಲಿ ದಾಟುವ ಬೆಂಕಿಯನ್ನು ಕೇವಲ ಕಾಲಹರಣವೆಂದು ವಿದ್ವಾಂಸರು ತಳ್ಳಿಬಿಡುವುದುಂಟು. ಪರೀಕ್ಷಿಸದೆ ತಳ್ಳುವುದು ಶಾಸ್ತ್ರಮಾರ್ಗವಲ್ಲ. ಆದಕಾರಣ, 1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಪ್ರಸಿದ್ಧವಾದ ಆಟವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದೆ.

ಈ ಆಟದಲ್ಲಿ 8 ಲೋಕಗಳು, ಲೋಕವೊಂದಕ್ಕೆ 4 ಘಟ್ಟಗಳು, ನಾಲ್ಕನೆಯದು ಕೋಟೆ. ಕೋಟೆಯಲ್ಲಿ ಅಗ್ನಿಯು ಮೂರು ರೂಪಗಳಿಂದ ವಿಘ್ನವಾಗುತ್ತದೆ: ಗಾಣದಂತೆ ತಿರುಗುವ ಕಿಡಿಗುಂಡುಗಳ ದಂಡ, ಲಾವಾರಸದಿಂದ ಜಿಗಿದು ಮತ್ತೆ ಮುಳುಗುವ ಉಂಡೆ, ಪ್ರತಿನಾಯಕನಾದ ಬೌಸರನ ಬಾಯುರಿ. ದಂಡದ ವೇಗವು ಒಂದೇ ಸಮನಾದದ್ದು. ಒಂದು ಸುತ್ತನ್ನು ನಿಂತು ನೋಡಿದವನಿಗೆ ದಾಟತಕ್ಕ ಕ್ಷಣವು ತಾನೇ ತಿಳಿಯುವುದು. ಇಲ್ಲಿ ಬೆಂಕಿಯು ತಾಳವಾಗಿದೆ. ಭಯವು ಸಂಚಾರಿಯಾಗಿ ಬಂದು ಉತ್ಸಾಹವನ್ನು ಪೋಷಿಸುತ್ತದೆ. ರಸವು ವೀರವೇ ಹೊರತು ಭಯಾನಕವಲ್ಲ. ಹೂವೊಂದರಿಂದ ನಾಯಕನಿಗೂ ಅಗ್ನ್ಯಸ್ತ್ರವು ದೊರೆಯುವುದುಂಟು. ಆದರೆ ಆ ಅಸ್ತ್ರವು ತಿರುಗುವ ದಂಡವನ್ನು ಅಳಿಸಲಾರದು. ಅಲ್ಲಿ ಬಲವು ಸಾಗದು, ಕಾಲಜ್ಞಾನವೊಂದೇ ಸಾಗುವುದು.

ಬೌಸರನು ಕಣ್ಣಿಗೆ ಬೀಳುವ ಮೊದಲೇ ಅವನ ಉರಿಯು ತೆರೆಯ ಬಲಗಡೆಯಿಂದ ಹಾರಿಬರುತ್ತದೆ. ಇದು ಉತ್ತಮವಾದ ಸೂಚನೆ. ಇದೇ ಜಿಲ್ಲೆಯ ಮುಧೋಳದವನಾದ ರನ್ನನ ಗದಾಯುದ್ಧದಲ್ಲಿ ಭೀಮನ ಗರ್ಜನೆಯು ಮುಂದಾಗಿ ಬಂದು, ನೀರೊಳಗಿರುವ ದುರ್ಯೋಧನನನ್ನೂ ರೋಷದಿಂದ ಬೆವರಿಸುವುದನ್ನು ಸಹೃದಯರು ನೆನೆಯಬಹುದು. ಎರಡರ ತೂಕವು ಒಂದೆಂದು ನಾವು ಹೇಳುವುದಿಲ್ಲ. ಮರೆಯಲ್ಲಿರುವವನ ಪ್ರತಾಪವನ್ನು ಮುಂದೆ ಕಳುಹಿಸುವ ಮಾರ್ಗವು ಮಾತ್ರ ಒಂದೇ.

ಕೋಟೆಯ ನಡುವೆ ತಂಗುದಾಣವಿಲ್ಲದ ಕಾರಣ, ಕೊನೆಯಲ್ಲಿ ಜೀವ ಕಳೆದುಕೊಂಡವನು ಮೊದಲಿನಿಂದಲೇ ಹೊರಡಬೇಕು. ಇದು ಕ್ರೌರ್ಯವಲ್ಲವೇ ಎಂದು ಶಂಕಿಸಬಹುದು. ಅಲ್ಲ. ನಿಯಮವು ಕಣ್ಣೆದುರಿಗಿರುವಾಗ ಪುನರಾವೃತ್ತಿಯು ಅಭ್ಯಾಸವಾಗುತ್ತದೆ. ನಿಜವಾದ ದೋಷವಿರುವುದು ಬೇರೆಡೆಯಲ್ಲಿ. 4ನೆಯ ಮತ್ತು 7ನೆಯ ಲೋಕಗಳ ಕೋಟೆಗಳಲ್ಲಿ ತಪ್ಪುದಾರಿ ಹಿಡಿದವನು ನಡೆದ ಹಾದಿಯನ್ನೇ ಮತ್ತೆ ಮತ್ತೆ ಕಾಣುತ್ತಾನೆ. ಸರಿದಾರಿ ಯಾವುದೆಂಬುದಕ್ಕೆ ಗುರುತಿಲ್ಲ. ಸುಡುವ ಬೆಂಕಿಯು ತನ್ನ ನಿಯಮವನ್ನು ತೋರಿಸಿತು; ಸುಡದ ಹಾದಿಯು ಅದನ್ನು ಬಚ್ಚಿಟ್ಟಿತು. ಔಚಿತ್ಯಭಂಗವಾದದ್ದು ಎರಡನೆಯದರಲ್ಲಿ.

ಹೀಗಿರಲು, ವಿಘ್ನದ ಗುಣದೋಷಗಳನ್ನು ಅದರ ಕಾಠಿಣ್ಯದಿಂದ ಅಳೆಯಲಾಗದು. ತನ್ನನ್ನು ದಾಟುವ ಬಗೆಯನ್ನು ತಾನೇ ಕಲಿಸುವ ವಿಘ್ನವು ಎಷ್ಟು ಕಠಿಣವಾದರೂ ನ್ಯಾಯ್ಯವು. ಕಲಿಸದುದು ಸುಲಭವಾದರೂ ಅನ್ಯಾಯ್ಯವು. ಹಳಗನ್ನಡದ ಪದ್ಯವನ್ನು ಅನ್ವಯಕ್ರಮವನ್ನು ತೋರದೆ ಬಾಯಿಪಾಠಕ್ಕೆ ಒಪ್ಪಿಸಿ, ತಪ್ಪಿದವನನ್ನು ದಂಡಿಸುವ ಉಪಾಧ್ಯಾಯರು ಈ ಭೇದವನ್ನು ಮನನಮಾಡಬೇಕು. ವಿದ್ಯಾರ್ಥಿಯು ಪದ್ಯಕ್ಕೆ ಹೆದರಿ ಓಡುವನಲ್ಲ, ಗುರುತಿಲ್ಲದ ದಾರಿಗೆ ಬೇಸತ್ತು ಓಡುತ್ತಾನೆ.