ಲೈಸೇಟಿನ ಸಾಕ್ಷಿ ಎಲ್ಲಿಯವರೆಗೆ?

ಜೀವಕೋಶ ಒತ್ತಡಕ್ಕೆ ಸಿಕ್ಕಾಗ ಒಳಗೆ ಸುದ್ದಿ ಹೇಗೆ ಸಾಗುತ್ತದೆ? ಇದನ್ನು ನೋಡಲು ಪ್ರಯೋಗಾಲಯಗಳಲ್ಲಿ ಒಂದು ರೂಢಿ ಇದೆ. ಹೀಲಾದಂಥ ಮನುಷ್ಯ ಕೋಶಗಳಿಗೆ ಅನೈಸೊಮೈಸಿನ್ ಎಂಬ ರಾಸಾಯನಿಕ ಹಾಕಿ ಅರ್ಧ ಗಂಟೆ ಬಿಡುತ್ತಾರೆ. ಆಮೇಲೆ ಐಸಿನ ಮೇಲಿಟ್ಟು, ಡಿಟರ್ಜೆಂಟ್ ಬೆರೆಸಿ, ಕೋಶ ಒಡೆದು ರಸ ತೆಗೆಯುತ್ತಾರೆ. ಅದೇ ಲೈಸೇಟ್. ಪಕ್ಕದಲ್ಲಿ, ಏನೂ ಹಾಕದ ಕೋಶಗಳ ರಸ. ವೆಸ್ಟರ್ನ್ ಬ್ಲಾಟ್ ಮಾಡಿದರೆ ಒತ್ತಡದ ಸುದ್ದಿ ಸಾಗಿಸುವ ಪಿ38 ಪ್ರೋಟೀನು, ಫಾಸ್ಫೇಟ್ ಅಂಟಿದ ರೂಪದಲ್ಲಿ, ಮೊದಲನೆಯದರಲ್ಲಿ ದಪ್ಪ ಗೆರೆಯಾಗಿ ಮೂಡುತ್ತದೆ, ಎರಡನೆಯದರಲ್ಲಿ ಕಂಡೂ ಕಾಣದಷ್ಟು ತೆಳ್ಳಗೆ. ಒಟ್ಟು ಪಿ38 ಎರಡರಲ್ಲೂ ಸಮ ಇರಬೇಕು. ಇಲ್ಲದಿದ್ದರೆ ಆ ದಪ್ಪಕ್ಕೆ ಅರ್ಥವಿಲ್ಲ. ಫಾಸ್ಫೇಟನ್ನು ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವವನ್ನು ತಡೆಯುವ ರಾಸಾಯನಿಕ ಬೆರೆಸಲು ಮರೆತರೆ ಗೆರೆಯೇ ಮಾಯವಾದೀತು.

ಈ ಗೆರೆ ಮೂಡಿಸುವ ಆಂಟಿಬಾಡಿಯನ್ನು ನೆಚ್ಚಬಹುದೇ ಎಂದು ತಿಳಿಯಲು ಇದು ಗಟ್ಟಿ ಉಪಾಯ. ತಕರಾರು ಇರುವುದು ಅದರಾಚೆಗೆ, ಈ ಗೆರೆಯನ್ನೇ ಒತ್ತಡ ಎಂದು ಓದುವಾಗ.

ಹೊಲದ ಒತ್ತಡವನ್ನು ಇದರ ಪಕ್ಕಕ್ಕಿಟ್ಟು ನೋಡಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ. ಸುತ್ತೆಲ್ಲ ತೊಗರಿ ಸೀಮೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಇಲ್ಲಿನ ಬೆಳೆಯ ಒತ್ತಡ ಅರ್ಧ ಗಂಟೆಯದಲ್ಲ. ಜೇವರ್ಗಿಯ ಎರೆ ಭೂಮಿ ಬಿರುಕು ಬಿಡುತ್ತದೆ, ಹೂವಿನ ಹೊತ್ತಿಗೆ ವಾರಗಟ್ಟಲೆ ಮಳೆ ಇರುವುದಿಲ್ಲ, ಬೇರಿನಲ್ಲಿ ನೆಟೆ ರೋಗದ ಶಿಲೀಂಧ್ರ ಹೊಕ್ಕಿರುತ್ತದೆ. ಎಲ್ಲವೂ ಒಟ್ಟಿಗೆ, ನಿಧಾನವಾಗಿ. ಅನೈಸೊಮೈಸಿನ್ನಿನದೋ ಮುಖ್ಯವಾಗಿ ಒಂದೇ ಕೆಲಸ: ರೈಬೊಸೋಮನ್ನು ಹಿಡಿದು ಪ್ರೋಟೀನ್ ತಯಾರಿಕೆ ನಿಲ್ಲಿಸುವುದು.

ಇನ್ನೊಂದು ದೋಷ ರಸ ತೆಗೆಯುವುದರಲ್ಲೇ ಇದೆ. ಎಲೆಯನ್ನು ಅರೆದ ಮೇಲೆ ಪತ್ರರಂಧ್ರದ ಕಾವಲು ಕೋಶ ಯಾವುದು, ನಡುವಿನ ಹಸಿರು ಕೋಶ ಯಾವುದು? ಎಲ್ಲ ಕೋಶಗಳೂ ಅರ್ಧ ಎಚ್ಚೆತ್ತಿದ್ದವೋ, ಅರ್ಧದಷ್ಟು ಕೋಶಗಳು ಪೂರ್ತಿ ಎಚ್ಚೆತ್ತಿದ್ದವೋ, ಗೆರೆ ಹೇಳುವುದಿಲ್ಲ.

ಮೇಲಾಗಿ ಗಿಡದಲ್ಲಿ ಮನುಷ್ಯರ ಪಿ38 ಇಲ್ಲ. ಸುದ್ದಿ ಸಾಗಿಸಲು ಎಂಪಿಕೆ3, ಎಂಪಿಕೆ6 ಎಂಬ ಪ್ರೋಟೀನುಗಳಿವೆ. ಫಾಸ್ಫೇಟ್ ಅಂಟುವ ಅವುಗಳ ಜಾಗ ನಮ್ಮ ಇಆರ್‌ಕೆ ಎಂಬ ಪ್ರೋಟೀನಿನದನ್ನೇ ಹೋಲುವುದರಿಂದ, ಮನುಷ್ಯರ ಇಆರ್‌ಕೆಗೆಂದು ಮಾಡಿದ ಆಂಟಿಬಾಡಿ ಅವನ್ನೂ ಹಿಡಿಯುತ್ತದೆ. ಸೊಗಸಾದ ಅನುಕೂಲವೇನೋ ಹೌದು. ಆದರೆ ಹೀಲಾ ಲೈಸೇಟ್ ತೊಗರಿಗೆ ಜಾಮೀನು ನಿಲ್ಲಲಾರದು. ಗಿಡದ ರಕ್ಷಣೆಯನ್ನು ಎಚ್ಚರಿಸುವ ಎಫ್‌ಎಲ್‌ಜಿ22 ಪೆಪ್ಟೈಡ್ ತಗುಲಿಸಿದ ತೊಗರಿ ಎಲೆಯದೇ ಲೈಸೇಟ್ ಬೇಕು.

ಕಡಗಂಚಿಯ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ದ್ರವ ಸಾರಜನಕದ ಡಬ್ಬಿ ಹೊತ್ತು ಹೊಲಕ್ಕೆ ಹೋಗಿ. ಅಫಜಲಪುರದ ಭೀಮಾ ದಂಡೆಯ ನೀರಾವರಿ ತೊಗರಿ, ಜೇವರ್ಗಿಯ ಮಳೆಯಾಶ್ರಿತ ತೊಗರಿ, ಎರಡರ ಎಲೆಯನ್ನೂ ಒಂದೇ ದಿನ, ಒಂದೇ ಹೊತ್ತಿಗೆ ಕಿತ್ತು ಅಲ್ಲೇ ಹೆಪ್ಪುಗಟ್ಟಿಸಿ. ತಳಿ, ವೇಳೆ, ಮಣ್ಣಿನ ತೇವ ಬರೆದಿಡಿ. ಎಫ್‌ಎಲ್‌ಜಿ22 ತಗುಲಿಸಿದ ಎಲೆಯ ಲೈಸೇಟೂ ಅದೇ ಜೆಲ್‌ನಲ್ಲಿ ಇರಲಿ, ಕಂಟ್ರೋಲ್ ಆಗಿ ಮಾತ್ರ.